ಪಂಚಾಯತಿನ ಹಣ ಎಲ್ಲಿಂದ ಬರಲಿ? ಕಾಸರಗೋಡಿನ ಗ್ರಾಮಸಭೆಗೆ ಹೋಗುವವರಿಗೊಂದು ಹೋಲಿಕೆ

ಮೇಜಿನ ಮೇಲೆ ಮೂರು ರಶೀದಿ ಇಟ್ಟುಕೊಂಡು ಕೂತಿದ್ದೇನೆ. ಒಂದು ವಿಲೇಜ್ ಆಫೀಸಿನದ್ದು, ಅಡಕೆ ತೋಟದ ತೀರ್ವೆ, ಅಂದರೆ ಭೂಕಂದಾಯ. ಇನ್ನೊಂದು ಪಂಚಾಯತಿನದ್ದು, ಮನೆಯ ಕಟ್ಟಡ ತೆರಿಗೆ. ಮೂರನೆಯದು ಗಡಿಯ ಆಚೆ, ಪುತ್ತೂರು ಕಡೆಯ ಅಕ್ಕನ ಮನೆಯದ್ದು. ಮೊನ್ನೆ ಭಾವ ಬಂದಿದ್ದಾಗ ಬ್ಯಾಗಿನಿಂದ ತೆಗೆದು ತೋರಿಸಿ, ಇಲ್ಲೇ ಮರೆತು ಹೋದರು.

"ನಿಮ್ಮ ಕೇರಳದಲ್ಲಿ ತೆರಿಗೆ ಜಾಸ್ತಿ" ಅಂತ ಶುರು ಮಾಡಿದ್ದು ಅವರೇ. ನಾನು ಅವರ ರಶೀದಿ ನೋಡಿದೆ. ಮನೆ ತೆರಿಗೆಯ ಕೆಳಗೆ ಆರೋಗ್ಯ ಕರ, ಶಿಕ್ಷಣ ಕರ, ಗ್ರಂಥಾಲಯ ಕರ, ಕೊನೆಗೆ ಭಿಕ್ಷುಕರ ಕರ. "ಇದೆಂತ ಭಾವ, ಭಿಕ್ಷುಕರ ಕರ?" ಅಂದರೆ ಅವರಿಗೂ ಗೊತ್ತಿಲ್ಲ. ಇಷ್ಟು ವರ್ಷ ಕಟ್ಟುತ್ತಾ ಬಂದಿದ್ದಾರೆ, ಒಮ್ಮೆಯೂ ಓದಿರಲಿಲ್ಲ. ನಾನೇನೂ ಅವರಿಗಿಂತ ಹುಷಾರಿಲ್ಲ. ನನ್ನ ರಶೀದಿಯಲ್ಲಿ ಶೇ. 5 ಗ್ರಂಥಾಲಯ ಸೆಸ್ ಇರುವುದನ್ನು ಕಂಡದ್ದು ಅವತ್ತೇ.

ಯಾರು ಜಾಸ್ತಿ ಕಟ್ಟುತ್ತಾರೆ ಅನ್ನುವ ಜಗಳ ಊಟದ ಹೊತ್ತಿಗೂ ಮುಗಿಯಲಿಲ್ಲ. ಅದರ ನಡುವೆ ಬೇರೊಂದು ಪ್ರಶ್ನೆ ಎದ್ದಿತು. ಈ ಮೂರು ರಶೀದಿಯ ಹಣದಲ್ಲಿ ಪಂಚಾಯತಿನ ಕೈಗೆ ಹೋಗುವುದು ಯಾವುದು? ಹೋದ ಮೇಲೆ ಅದನ್ನು ಎಲ್ಲಿ ಖರ್ಚು ಮಾಡಬೇಕು ಅಂತ ತೀರ್ಮಾನ ಮಾಡುವವರು ಯಾರು?

ನಮ್ಮಲ್ಲಿ ತುಂಬ ಜನ ತಿಳಿದುಕೊಂಡಿರುವುದೇ ತಪ್ಪು. ವಿಲೇಜ್ ಆಫೀಸಿನಲ್ಲಿ ಕಟ್ಟುವ ತೀರ್ವೆ ರಾಜ್ಯ ಸರಕಾರದ್ದು. ಹೊಸ ಮನೆ ಕಟ್ಟಿದಾಗ ಒಂದೇ ಸಲ ಕಟ್ಟುವ ಕಟ್ಟಡ ತೆರಿಗೆ ಇದೆಯಲ್ಲ, 1975ರ ಕಾಯ್ದೆಯದ್ದು, ಅದೂ ಕಂದಾಯ ಇಲಾಖೆಗೇ. ವರ್ಷ ವರ್ಷ ಪಂಚಾಯತಿಗೆ ಕಟ್ಟುವುದು ಮಾತ್ರ ಪಂಚಾಯತಿನದ್ದು. ಎರಡಕ್ಕೂ ಬಾಯಲ್ಲಿ ಒಂದೇ ಹೆಸರು, ಅದಕ್ಕೇ ಗಲಿಬಿಲಿ. "ಮನೆ ಕಟ್ಟಿದಾಗ ಅಷ್ಟೊಂದು ಕಟ್ಟಿದ್ದೇನೆ, ರಸ್ತೆಗೆ ಒಂದು ಬುಟ್ಟಿ ಜಲ್ಲಿ ಹಾಕಲಿಲ್ಲ" ಅಂತ ಮೆಂಬರನ್ನು ಬೈಯುವವರನ್ನು ನಾನು ಗ್ರಾಮಸಭೆಯಲ್ಲೇ ನೋಡಿದ್ದೇನೆ. ಪಾಪ, ಆ ಹಣ ಮೆಂಬರಿನ ಕಣ್ಣಿಗೂ ಬಿದ್ದಿಲ್ಲ.

2025ರ ಡಿಸೆಂಬರಿನಲ್ಲಿ ಚುನಾವಣೆ ಆಗಿ ಹೊಸ ಮೆಂಬರುಗಳು ಬಂದಿದ್ದಾರೆ. ಪಂಚಾಯತಿನ ಯೋಜನೆ ತಯಾರಿಸಲು ಕೂರುವ ಎಲ್ಲ ವರ್ಕಿಂಗ್ ಗ್ರೂಪಿನ ವರದಿಯಲ್ಲೂ "ಓನ್ ಫಂಡ್ ಹೆಚ್ಚಿಸಬೇಕು" ಅಂತ ಒಂದು ಸಾಲು ಇದ್ದೇ ಇರುತ್ತದೆ. ಮಲಯಾಳದಲ್ಲಿ ತನತ್ ಫಂಡ್ ಅನ್ನುತ್ತಾರೆ, ಅದೇ; ಪಂಚಾಯತ್ ತಾನೇ ಎತ್ತುವ ಹಣ. ಹೇಗೆ ಹೆಚ್ಚಿಸುವುದು ಅಂತ ಯಾರೂ ಬರೆಯುವುದಿಲ್ಲ. ಹಿಂದೊಮ್ಮೆ ಅಂಥ ಗ್ರೂಪಿನಲ್ಲಿ ಕೂತು ಆ ಸಾಲನ್ನು ನಾನೂ ಬರೆದವನು. ಆ ತಪ್ಪಿಗೆ ಈಗ ಇಷ್ಟುದ್ದ ಬರೆಯುತ್ತಿದ್ದೇನೆ.

ನೂರರಲ್ಲಿ ಒಂದು ರೂಪಾಯಿ

2024ರ ಜನವರಿಯಲ್ಲಿ ಆರ್‌ಬಿಐ ದೇಶದ ಪಂಚಾಯತುಗಳ ಹಣಕಾಸಿನ ಬಗ್ಗೆ ಒಂದು ವರದಿ ತಂದಿತು. ಅದರ ಪ್ರಕಾರ 2022–23ರಲ್ಲಿ ಒಂದು ಪಂಚಾಯತ್ ಸ್ವಂತ ತೆರಿಗೆಯಿಂದ ಗಳಿಸಿದ್ದು ಸರಾಸರಿ 21 ಸಾವಿರ ರೂಪಾಯಿ. ತೆರಿಗೆ ಬಿಟ್ಟು ಶುಲ್ಕ, ಬಾಡಿಗೆ, ಬಡ್ಡಿ ಎಲ್ಲ ಸೇರಿ 73 ಸಾವಿರ. ಕೇಂದ್ರದಿಂದ ಬಂದದ್ದು ಸುಮಾರು 17 ಲಕ್ಷ, ರಾಜ್ಯದಿಂದ ಮೂರೂಕಾಲು ಲಕ್ಷ. ಅಂದರೆ ನೂರು ರೂಪಾಯಿಯಲ್ಲಿ 95 ಮೇಲಿನಿಂದ. ಸ್ವಂತ ತೆರಿಗೆ ಒಂದು ರೂಪಾಯಿಯಷ್ಟೇ.

ಇದು ದೇಶದ ಸರಾಸರಿ. ಕೇರಳದ ಪಂಚಾಯತನ್ನು ಇದರ ಪಕ್ಕ ಹಾಗೇ ಇಡಲು ಆಗುವುದಿಲ್ಲ. ನಮ್ಮ ಜಿಲ್ಲೆಯಲ್ಲಿ 13 ಲಕ್ಷ ಜನಕ್ಕೆ 38 ಗ್ರಾಮ ಪಂಚಾಯತ್, 3 ನಗರಸಭೆ. ಒಂದೊಂದು ಪಂಚಾಯತಿನಲ್ಲೂ ಸಾವಿರಾರು ಮನೆ. ಕರ್ನಾಟಕದ ಕಾಯ್ದೆಯಲ್ಲಿ ಒಂದು ಗ್ರಾಮ ಪಂಚಾಯತಿಗೆ 5 ಸಾವಿರದಿಂದ 7 ಸಾವಿರ ಜನ ಅಂತ ಲೆಕ್ಕ. ಅಕ್ಕನ ಪಂಚಾಯತ್ ನಮ್ಮದರ ಮೂರು ನಾಲ್ಕು ವಾರ್ಡಿನಷ್ಟು ಇದ್ದೀತು. ಹಾಗಾಗಿ "ಅವರ ಪಂಚಾಯತಿಗೆ ಇಷ್ಟು, ನಮ್ಮದಕ್ಕೆ ಅಷ್ಟು" ಅಂತ ಒಟ್ಟು ಮೊತ್ತ ಹೋಲಿಸುವುದು ದಂಡ. ತಲೆಗೆ ಎಷ್ಟು ಬಿತ್ತು ಅಂತ ನೋಡಬೇಕು.

ತೆರಿಗೆ ಹಾಕುವ ಅಧಿಕಾರ ಪಂಚಾಯತಿಗೆ ಸಂವಿಧಾನದಿಂದ ನೇರ ಬಂದದ್ದಲ್ಲ. 1993ರ ಏಪ್ರಿಲ್ 24ರಂದು ಜಾರಿಗೆ ಬಂದ 73ನೇ ತಿದ್ದುಪಡಿ, ರಾಜ್ಯದ ಶಾಸನಸಭೆ ಬೇಕಾದರೆ ಈ ಅಧಿಕಾರ ಕೊಡಬಹುದು ಅಂತ ಹೇಳುತ್ತದೆ. "ಕೊಡಬಹುದು", ಅಷ್ಟೇ. ಕೊಡಲೇಬೇಕು ಅಂತ ಇಲ್ಲ. ಗಡಿ ದಾಟಿದ ಕೂಡಲೇ ನಿಯಮ ಬದಲಾಗುವುದು ಇದರಿಂದಲೇ.

ಮೇಲಿನಿಂದ ಬರುವ ಹಣ: ಕಟ್ಟಿದ್ದೋ, ಬಿಟ್ಟದ್ದೋ

ಮೊದಲ ಆಯ್ಕೆ ಅನುದಾನ. ಯಾರಿಗೂ ಬೇಜಾರಿಲ್ಲ, ಯಾರ ಬಾಗಿಲಿಗೂ ಹೋಗಬೇಕಾಗಿಲ್ಲ. 1996ರಲ್ಲಿ ಜನಕೀಯ ಆಸೂತ್ರಣ, ಅಂದರೆ ಊರಿನ ಯೋಜನೆಯನ್ನು ಊರಿನವರೇ ಮಾಡುವ ಕ್ರಮ, ಶುರುವಾದಾಗ ಕೇರಳ ಸರಕಾರ ತನ್ನ ಯೋಜನಾ ವೆಚ್ಚದ ಶೇ. 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಡಲು ಹೊರಟಿತು. ದೇಶದಲ್ಲಿ ಬೇರೆ ಯಾವ ರಾಜ್ಯವೂ ಅಷ್ಟು ದೊಡ್ಡ ಹೆಜ್ಜೆ ಇಟ್ಟಿರಲಿಲ್ಲ. ಅವತ್ತಿನಿಂದ ರಾಜ್ಯ ಬಜೆಟಿನ ಜತೆ ಅನುಬಂಧ 4 ಅಂತ ಒಂದು ಪುಸ್ತಕ ಬರುತ್ತದೆ. ಅದರಲ್ಲಿ ಪ್ರತಿ ಪಂಚಾಯತಿನ ಹೆಸರು, ಅದರ ಎದುರು ಮೊತ್ತ. ಎಣ್ಮಕಜೆಗೆ ಎಷ್ಟು, ಪೈವಳಿಕೆಗೆ ಎಷ್ಟು ಅಂತ ಯಾರು ಬೇಕಾದರೂ ನೋಡಬಹುದು. ಇದು ನಿಜವಾಗಿ ದೊಡ್ಡ ವಿಷಯ. ಮೆಂಬರು "ನಮಗೆ ಫಂಡೇ ಬರಲಿಲ್ಲ" ಅಂದರೆ ಪುಸ್ತಕ ತೆರೆದು ತೋರಿಸಬಹುದು.

ತೊಂದರೆ ಎಲ್ಲಿ ಅಂದರೆ, ಹಣದ ಜತೆ ಹಗ್ಗವೂ ಬರುತ್ತದೆ. ರಾಜ್ಯ ಕೊಡುವ ಪ್ಲಾನ್ ಫಂಡಿನಲ್ಲಿ ಇಷ್ಟು ಕೃಷಿ, ಉತ್ಪಾದನೆಗೆ, ಕನಿಷ್ಠ ಶೇ. 10 ಮಹಿಳಾ ಯೋಜನೆಗೆ ಅಂತ ಪಾಲು ಇದೆ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ, ಅಂದರೆ 2021ರಿಂದ 26ರ ಅವಧಿಯದ್ದರಲ್ಲಿ, ಗ್ರಾಮೀಣ ಸಂಸ್ಥೆಗಳ ಶೇ. 60 ನೀರು ಮತ್ತು ಶುಚಿತ್ವಕ್ಕೇ ಮೀಸಲು. ಮಹಿಳಾ ಯೋಜನೆಯ ಹಗ್ಗ ಒಳ್ಳೆಯದೇ, ಅದಿಲ್ಲದಿದ್ದರೆ ಎಲ್ಲ ರಸ್ತೆಗೇ ಹೋಗುತ್ತಿತ್ತು. ನೀರಿಗೆ ಮೀಸಲು ಅಂದರೂ ಕೇಳಲು ಚಂದವೇ. ಆದರೆ ನಮ್ಮ ಗುಡ್ಡದ ಕಡೆ ನೀರು ಅಂದರೆ ಗುಡ್ಡ ಕೊರೆದು ನೀರು ತರುವ ಸುರಂಗ, ಮಳೆನೀರು ನಿಲ್ಲಿಸುವ ಮದಕ, ತೋಡಿಗೆ ಹಾಕುವ ಕಟ್ಟ. ಮೇಲಿನವರ ನಮೂನೆಯಲ್ಲಿ ನೀರು ಅಂದರೆ ಪೈಪು, ಟ್ಯಾಂಕು, ನಳ್ಳಿ. ಸುರಂಗದ ಒಳಗೆ ಕುಸಿದ ಮಣ್ಣು ತೆಗೆಸಲು ಯಾವ ತಲೆಬರಹದಡಿ ಬಿಲ್ ಹಾಕುವುದು ಅಂತ ನಮ್ಮ ಗ್ರೂಪಿನಲ್ಲಿ ಒಂದು ಇಡೀ ಸಂಜೆ ಚರ್ಚೆ ಆಗಿತ್ತು. ಚಹಾ ಎರಡು ಸಲ ಬಂತು, ತಲೆಬರಹ ಸಿಗಲಿಲ್ಲ.

ಇನ್ನೊಂದು ತೊಂದರೆ ಸಮಯದ್ದು. ಹಣ ಟ್ರೆಜರಿಯ ಮೂಲಕ ಬರುತ್ತದೆ. ರಾಜ್ಯದ ಕೈ ಬಿಗಿಯಾದ ವರ್ಷ ಮಾರ್ಚಿನಲ್ಲಿ ಬಿಲ್ಲುಗಳು ಸಾಲಿನಲ್ಲಿ ನಿಲ್ಲುತ್ತವೆ. ಹಾಗೆ ನಿಂತದ್ದು ಮುಂದಿನ ವರ್ಷದ ಪಾಲನ್ನು ತಿನ್ನುತ್ತದೆ.

ಅನುದಾನವೇ ಕೆಟ್ಟದ್ದು ಅಂತ ಸಂಶೋಧನೆ ಹೇಳುತ್ತದೆಯಾ? ಇಲ್ಲ. ಬೊಲಿವಿಯಾ 1994ರಲ್ಲಿ ರಾಷ್ಟ್ರೀಯ ತೆರಿಗೆಯ ಶೇ. 20ನ್ನು ತಲೆಲೆಕ್ಕದಲ್ಲಿ ಊರಿನ ಆಡಳಿತಗಳಿಗೆ ಹಂಚಿತು, ಖರ್ಚಿನ ತೀರ್ಮಾನವನ್ನೂ ಅವರಿಗೇ ಬಿಟ್ಟಿತು. ಅದನ್ನು ಅಧ್ಯಯನ ಮಾಡಿದ ಜಾನ್ ಪಾಲ್ ಫಾಗೆ ಅನ್ನುವ ಸಂಶೋಧಕರು ಕಂಡದ್ದು ಏನೆಂದರೆ, ಹಣ ಶಾಲೆ, ಕುಡಿಯುವ ನೀರು, ಚರಂಡಿಯ ಕಡೆಗೆ ತಿರುಗಿತು. ಯಾವ ಊರಿಗೆ ಯಾವುದರ ಕೊರತೆ ಜಾಸ್ತಿಯೋ ಆ ಊರು ಅದಕ್ಕೇ ಹಾಕಿತು. ಹಾಗಾಗಿ ಅನುದಾನದಲ್ಲೂ ಎರಡು ಜಾತಿ: ಕಟ್ಟಿದ್ದು, ಬಿಟ್ಟದ್ದು. ಬಿಟ್ಟದ್ದು ಸಿಕ್ಕಿದರೆ ಎರಡು ಕೈಯಲ್ಲೂ ತೆಗೆದುಕೊಳ್ಳಿ.

ಎದುರು ಪಕ್ಷದ ಸಾಕ್ಷಿಯೂ ಗಟ್ಟಿಯಾಗಿಯೇ ಇದೆ. ಬ್ರೆಜಿಲ್‌ನಲ್ಲಿ ತೆರಿಗೆ ವಸೂಲಿಯ ವ್ಯವಸ್ಥೆ ಸರಿಮಾಡಿಕೊಳ್ಳಲು ನಗರಗಳಿಗೆ ನೆರವು ಕೊಡುವ ಒಂದು ಯೋಜನೆ ಇತ್ತು. ಲೂಸಿ ಗಡೆನ್ ಅನ್ನುವ ಸಂಶೋಧಕಿ ಅದನ್ನು ಅಧ್ಯಯನ ಮಾಡಿ ನೋಡಿದರು. ಸ್ವಂತ ತೆರಿಗೆಯಿಂದ ಬಂದ ಹೆಚ್ಚುವರಿ ಹಣ ಶಾಲೆಯ ಕೋಣೆಗಳಾಗಿ ಕಣ್ಣಿಗೆ ಬಿತ್ತು. ಅನುದಾನ ಹೆಚ್ಚಾದಾಗ ಅಂಥ ಬದಲಾವಣೆ ಕಾಣಲಿಲ್ಲ. ನನಗೆ ಇದರಲ್ಲಿ ಆಶ್ಚರ್ಯ ಇಲ್ಲ. ನಮ್ಮಲ್ಲಿ ತೋಡಿಗೆ ಕಟ್ಟ ಹಾಕುವಾಗ ತೋಟದ ಲೆಕ್ಕದಲ್ಲಿ ವಂತಿಗೆ ಎತ್ತುತ್ತಾರೆ. ಆ ಲೆಕ್ಕದ ಪುಸ್ತಕವನ್ನು ಓದುವಷ್ಟು ಜೋರಾಗಿ ಜನ ಅಡಕೆ ಧಾರಣೆಯನ್ನೂ ಓದುವುದಿಲ್ಲ. ಮಣ್ಣಿನ ಲೋಡು ಎರಡು ಬಂತಾ, ಮೂರು ಬಂತಾ ಅಂತ ಮೂರು ದಿನ ಮಾತಾಡುತ್ತಾರೆ.

ಕಟ್ಟಡ ತೆರಿಗೆ: ದರಕ್ಕಿಂತ ಪಟ್ಟಿ ಮುಖ್ಯ

ಪಂಚಾಯತಿನ ಸ್ವಂತ ತೆರಿಗೆಯಲ್ಲಿ ಹಿರಿಯಣ್ಣ ಇದೇ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಮನೆಗೆ ತೆರಿಗೆ ಹಾಕಲು ಮೂರು ದಾರಿ. ಮೊದಲನೆಯದು ವಾರ್ಷಿಕ ಬಾಡಿಗೆ ಮೌಲ್ಯ: ಈ ಮನೆ ಬಾಡಿಗೆಗೆ ಕೊಟ್ಟರೆ ಎಷ್ಟು ಬರುತ್ತಿತ್ತು ಅಂತ ಅಂದಾಜು. ಕೇರಳದಲ್ಲಿ ಹಿಂದೆ ಇದ್ದದ್ದು ಇದು. ಬಾಡಿಗೆಗೇ ಹೋಗದ ಹಳ್ಳಿಮನೆಗೆ ಬಾಡಿಗೆ ಅಂದಾಜು ಮಾಡುವುದು ಹೇಗೆ? ಅಂದಾಜು ಮಾಡುವವನ ಮೂಡಿನ ಮೇಲೆ ತೆರಿಗೆ ನಿಲ್ಲುತ್ತಿತ್ತು. ಎರಡನೆಯದು ವಿಸ್ತೀರ್ಣ: ಇಷ್ಟು ಚದರ ಮೀಟರಿಗೆ ಇಷ್ಟು ರೂಪಾಯಿ. ರಸ್ತೆ ಹೇಗಿದೆ, ಮಾಡು ಹಂಚಿನದ್ದಾ ಕಾಂಕ್ರೀಟಾ, ಮನೆಗೆ ಎಷ್ಟು ವಯಸ್ಸು ಅಂತ ನೋಡಿ ಸ್ವಲ್ಪ ಹೆಚ್ಚು ಕಡಿಮೆ ಮಾಡುವುದು. ನಮ್ಮಲ್ಲಿ ಈಗ ಇರುವುದು ಇದು. ಮೂರನೆಯದು ಬಂಡವಾಳ ಮೌಲ್ಯ: ಜಾಗ, ಕಟ್ಟಡದ ಬೆಲೆಯ ಮೇಲೆ ಶೇಕಡಾ ಇಷ್ಟು. ಅಕ್ಕನ ಕಡೆ ಇದು.

ಬೆಲೆಯ ಮೇಲೆ ಹಾಕಿದರೆ ನ್ಯಾಯ ಜಾಸ್ತಿ, ಪೇಟೆಯ ಮಧ್ಯದ ಮನೆ ಜಾಸ್ತಿ ಕೊಡುತ್ತದೆ. ವಿಸ್ತೀರ್ಣದ ಮೇಲೆ ಹಾಕಿದರೆ ಜಗಳ ಕಡಿಮೆ. ಟೇಪು ಹಿಡಿದು ಅಳೆದರೆ ಆಯಿತು, ಮನೆಯವರೂ ಅಳೆದು ನೋಡಬಹುದು. ನನ್ನ ಓಟು ವಿಸ್ತೀರ್ಣಕ್ಕೆ. ಸಣ್ಣ ಪಂಚಾಯತಿನಲ್ಲಿ, ಎಲ್ಲರೂ ಎಲ್ಲರ ಸಂಬಂಧಿಕರಾಗಿರುವ ಕಡೆ, "ನಿಮ್ಮ ಮನೆಗೆ ಬೆಲೆ ಇಷ್ಟು" ಅಂತ ಹೇಳಬೇಕಾದ ಕ್ಲರ್ಕಿನ ಕಷ್ಟ ಯೋಚಿಸಿ ನೋಡಿ.

ಕೇರಳದಲ್ಲಿ ಚದರ ಮೀಟರಿಗೆ ಕನಿಷ್ಠ ಇಷ್ಟು, ಗರಿಷ್ಠ ಇಷ್ಟು ಅಂತ ಸರಕಾರ ಗೆರೆ ಎಳೆಯುತ್ತದೆ. ನಡುವೆ ಎಲ್ಲಿ ನಿಲ್ಲಬೇಕು ಅಂತ ಪಂಚಾಯತ್ ತೀರ್ಮಾನಿಸುತ್ತದೆ. ಇದು ನಿಜವಾದ ಅಧಿಕಾರ. 2023ರ ಏಪ್ರಿಲಿನಲ್ಲಿ ಗೆರೆ ಮೇಲೆ ಹೋಯಿತು. ಅದರ ಜತೆ ವರ್ಷಕ್ಕೆ ಶೇ. 5 ತನ್ನಿಂದ ತಾನೇ ಏರುವ ನಿಯಮವೂ ಬಂತು. ಏರಿಸಿದ್ದು ತಿರುವನಂತಪುರ, ಬೈಗುಳ ತಿಂದದ್ದು ವಾರ್ಡ್ ಮೆಂಬರ್. ಸ್ವಂತದ ಮನೆಯಲ್ಲೇ ಇರುವವರಿಗೆ 60 ಚದರ ಮೀಟರಿನ ಒಳಗಿನ ಮನೆಗೆ, ಅಂದರೆ ಸುಮಾರು 650 ಚದರ ಅಡಿಗೆ, ತೆರಿಗೆ ಇಲ್ಲ. ಬಡವರ ಮೇಲೆ ಹೊರೆ ಅನ್ನುವ ವಾದಕ್ಕೆ ಇದು ಮುಕ್ಕಾಲು ಉತ್ತರ.

ಈಗ ಒಂದು ಲೆಕ್ಕ. ಸುಮ್ನೆ ಉದಾಹರಣೆಗೆ, ಯಾವ ಪಂಚಾಯತಿನದ್ದೂ ಅಲ್ಲ. 6 ಸಾವಿರ ಕಟ್ಟಡ, ಒಂದಕ್ಕೆ ಸರಾಸರಿ ಸಾವಿರ ರೂಪಾಯಿ. ಒಟ್ಟು 60 ಲಕ್ಷ ಬರಬೇಕು. ಶೇ. 70 ವಸೂಲಾದರೆ 42 ಲಕ್ಷ. ಈಗ ಧೈರ್ಯ ಮಾಡಿ ದರವನ್ನು ಶೇ. 25 ಏರಿಸಿದಿರಿ ಅಂತ ಇಟ್ಟುಕೊಳ್ಳಿ. ಬರಬೇಕಾದದ್ದು 75 ಲಕ್ಷ, ಅದೇ ಶೇ. 70 ವಸೂಲಾದರೆ 52.5 ಲಕ್ಷ. ದರ ಮುಟ್ಟದೆ ವಸೂಲಿಯನ್ನು ಮಾತ್ರ ಶೇ. 95ಕ್ಕೆ ತಂದರೆ? 57 ಲಕ್ಷ. ಪ್ರಾಮಾಣಿಕವಾಗಿ ಕಟ್ಟುತ್ತಿದ್ದವರಿಗೆ ಒಂದು ರೂಪಾಯಿಯೂ ಜಾಸ್ತಿ ಆಗಲಿಲ್ಲ.

ವಸೂಲಿಗೂ ಮೊದಲು ಪಟ್ಟಿ. ನಮ್ಮ ಮನೆಯದ್ದೇ ಕತೆ ಹೇಳುತ್ತೇನೆ. ಹಳೇ ಮನೆ ಕೆಡವಿ ಪಕ್ಕದಲ್ಲಿ ಹೊಸದು ಕಟ್ಟಿದೆವು. ಹೊಸ ನಂಬರ್ ಆಯಿತು, ತೆರಿಗೆ ಕಟ್ಟುತ್ತಾ ಬಂದೆವು. ಆರು ವರ್ಷದ ಮೇಲೆ ಹಳೇ ನಂಬರಿಗೆ ಬಾಕಿ, ದಂಡ ಸೇರಿಸಿ ನೋಟೀಸು. ಕೌಂಟರಿಗೆ ಹೋಗಿ "ಆ ಮನೆ ಇಲ್ಲ ಮಾರಾಯ್ರೆ, ಅದರ ಪಂಚಾಂಗದ ಮೇಲೆ ಈಗ ಬಾಳೆ ಇದೆ" ಅಂದೆ. "ಕಂಪ್ಯೂಟರಿನಲ್ಲಿ ಇದೆ" ಅಂದರು. ಬಾಳೆಯ ಫೋಟೋ ತೆಗೆದು, ಅರ್ಜಿ ಬರೆದು, ಮೂರು ಸಲ ಹೋದ ಮೇಲೆ ಮನೆ ಕಂಪ್ಯೂಟರಿನಿಂದಲೂ ಬಿತ್ತು. ಅದೇ ಹೊತ್ತಿಗೆ ನಮ್ಮ ದಾರಿಯಲ್ಲೇ ಮೇಲಂತಸ್ತು ಏರಿಸಿದ ಎರಡು ಮನೆಗೆ ಕೆಳಗಿನ ಅಂತಸ್ತಿನ ತೆರಿಗೆ ಮಾತ್ರ. ಇಲ್ಲದ ಮನೆಯ ಬಾಕಿ ಪುಸ್ತಕದಲ್ಲಿ, ಇರುವ ಅಂತಸ್ತು ಪುಸ್ತಕದ ಹೊರಗೆ.

ವಾರ್ಡಿನ ಗಡಿ ಬದಲಾದ ಸಲ ಮನೆ ನಂಬರೂ ಬದಲಾಗುತ್ತದೆ, ಗೊಂದಲ ಇನ್ನೂ ಜಾಸ್ತಿ. ಹೆದ್ದಾರಿ 66 ಆರು ಪಥ ಆಗುವಾಗ ತಲಪಾಡಿಯಿಂದ ಚೆಂಗಳದವರೆಗೆ ಎಷ್ಟು ಕಟ್ಟಡ ಹೋಯಿತು, ಹಿಂದೆ ಎಷ್ಟು ಹೊಸತು ಎದ್ದಿತು! ಆ ದಾರಿಯ ಪಂಚಾಯತುಗಳು ದರದ ಮಾತು ತೆಗೆಯುವ ಮೊದಲು ಒಮ್ಮೆ ನಡೆದುಕೊಂಡು ಹೋಗಿ ಎಣಿಸಬೇಕು.

ನಮ್ಮ ಜಿಲ್ಲೆಗೆ ಕಟ್ಟಡ ತೆರಿಗೆ ಹೊಂದಲು ಇನ್ನೊಂದು ಕಾರಣ ಇದೆ. ಇಲ್ಲಿ ಹಣ ಸಂಬಳದ ರೂಪದಲ್ಲಿ ಕಾಣುವುದು ಕಡಿಮೆ. ದುಬಾಯಿಯಲ್ಲಿ ದುಡಿದದ್ದು ಊರಿನಲ್ಲಿ ಮನೆಯಾಗಿ ನಿಲ್ಲುತ್ತದೆ. ಆ ಹಣವನ್ನು ಪಂಚಾಯತ್ ಮುಟ್ಟಲು ಇರುವ ಒಂದೇ ಬಾಗಿಲು ಈ ತೆರಿಗೆ. ಬೀಗ ಹಾಕಿದ ಮನೆಯವರು ಅಲ್ಲಿಂದಲೇ ಆನ್‌ಲೈನಿನಲ್ಲಿ ಕಟ್ಟಬಹುದು. ಒಂದು ವಾಟ್ಸಾಪ್ ಮೆಸೇಜು ಸಾಕಾಗುತ್ತದೆ, ನೋಟೀಸು ಬೇಕಾಗುವುದಿಲ್ಲ.

ವಸೂಲಿಗೆ ಕಮಿಷನ್ ಇಡೋಣ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಪಾಕಿಸ್ತಾನದ ಪಂಜಾಬಿನಲ್ಲಿ ಇದನ್ನು ಪ್ರಯೋಗ ಮಾಡಿ ನೋಡಿದ್ದಾರೆ. ಆಸ್ತಿ ತೆರಿಗೆಯ ಅಧಿಕಾರಿಗಳಿಗೆ ವಸೂಲಿಗೆ ತಕ್ಕ ಪ್ರೋತ್ಸಾಹಧನ ಕೊಟ್ಟರು. ಎರಡು ವರ್ಷದಲ್ಲಿ ಆದಾಯದ ಬೆಳವಣಿಗೆಯ ವೇಗ ಬೇರೆ ಕಡೆಗಿಂತ ಶೇ. 46 ಜಾಸ್ತಿ ಆಯಿತು. ಜತೆಗೆ ಲಂಚದ ದರವೂ ಏರಿತು. ಕೆಲವರು ಸರಿಯಾದ ತೆರಿಗೆಗೆ ಬಂದರು, ಉಳಿದ ಹಲವರಿಂದ ಅಧಿಕಾರಿ ಜಾಸ್ತಿ ಕಿತ್ತರು. ನಮಗೆ ಆ ದಾರಿ ಬೇಡ ಅಂತ ನನ್ನ ಅಭಿಪ್ರಾಯ.

ಕಾಂಗೋದ ಕನಂಗಾ ಅನ್ನುವ ಊರಿನ ಪ್ರಯೋಗ ಇನ್ನೂ ಸ್ವಾರಸ್ಯ. ಕೆಲವು ಕೇರಿಗಳಲ್ಲಿ ಮಾತ್ರ ಮನೆ ಮನೆಗೆ ಹೋಗಿ ಆಸ್ತಿ ತೆರಿಗೆ ಎತ್ತಿದರು. ಆ ಕೇರಿಯವರು ಆಮೇಲೆ ಊರಿನ ಸಭೆಗೆ ಬರುವುದು, ಆಡಳಿತದ ಬಗ್ಗೆ ಅಭಿಪ್ರಾಯ ಬರೆದು ಕೊಡುವುದು ಜಾಸ್ತಿ ಮಾಡಿದರು. ಇದನ್ನು ಅಧ್ಯಯನ ಮಾಡಿದ ಜೊನಾಥನ್ ವೈಗೆಲ್ ಅವರ ಲೆಕ್ಕದಲ್ಲಿ ನೂರಕ್ಕೆ ಸುಮಾರು ಐದು ಜನ ಹೆಚ್ಚು. ಐದು ಅಂದರೆ ಕಡಿಮೆ ಅನ್ನಿಸುತ್ತದಾ? ನಮ್ಮ ವಾರ್ಡಿನ ಗ್ರಾಮಸಭೆಗೆ ನೂರಕ್ಕೆ ಐದು ಜನ ಹೆಚ್ಚು ಬಂದರೆ ಕುರ್ಚಿ ಸಾಕಾಗುವುದಿಲ್ಲ.

ವೃತ್ತಿ ತೆರಿಗೆ: ಗಡಿ ದಾಟಿದರೆ ಕಿಸೆಯೇ ಬೇರೆ

ಇದು ನಾಲ್ಕು ರಾಜ್ಯದ ಗಡಿಯ ಕನ್ನಡಿಗರು ಕೂತು ಮಾತಾಡಬೇಕಾದ ತೆರಿಗೆ. ಬದಿಯಡ್ಕದಲ್ಲಿ ಕೆಲಸ ಮಾಡುವ ಟೀಚರ್ ಕಟ್ಟುವ ವೃತ್ತಿ ತೆರಿಗೆ ಅದೇ ಪಂಚಾಯತಿಗೆ, ಆರು ತಿಂಗಳಿಗೊಮ್ಮೆ. ತಮಿಳುನಾಡಿನ ತಾಳವಾಡಿ, ಹೊಸೂರು ಕಡೆಯೂ ಸ್ಥಳೀಯ ಸಂಸ್ಥೆಗೇ. ಪುತ್ತೂರಿನ ಟೀಚರ್ ಕಟ್ಟಿದ್ದು ಬೆಂಗಳೂರಿಗೆ ಹೋಗುತ್ತದೆ, ಅಕ್ಕಲಕೋಟೆಯವರು ಕಟ್ಟಿದ್ದು ಮುಂಬೈಗೆ. ಅಲ್ಲಿ ಇದು ರಾಜ್ಯದ ತೆರಿಗೆ. ಮಿತಿ ಮಾತ್ರ ಎಲ್ಲರಿಗೂ ಒಂದೇ: ವರ್ಷಕ್ಕೆ 2,500 ರೂಪಾಯಿ.

ಈ 2,500 ಬರೆದದ್ದು 1988ರ 60ನೇ ತಿದ್ದುಪಡಿ. ಅದಕ್ಕೆ ಮೊದಲು 250 ಇತ್ತು. ಅವತ್ತು 2,500 ಅನೇಕರ ತಿಂಗಳ ಸಂಬಳಕ್ಕಿಂತ ಜಾಸ್ತಿ. ಇವತ್ತು ಒಂದು ಕುಟುಂಬ ಮಂಗಳೂರಿಗೆ ಹೋಗಿ ಊಟ, ಐಸ್‌ಕ್ರೀಮ್ ಮುಗಿಸಿ ಬಂದರೆ ಮುಗಿಯಿತು. 14ನೇ ಹಣಕಾಸು ಆಯೋಗ ಇದನ್ನು 12 ಸಾವಿರಕ್ಕೆ, 15ನೆಯದು 18 ಸಾವಿರಕ್ಕೆ ಏರಿಸಿ ಅಂತ ಹೇಳಿತ್ತು. ಅದಕ್ಕೆ ಸಂವಿಧಾನವನ್ನೇ ತಿದ್ದಬೇಕು. ಪಂಚಾಯತಿನ ಕೈಯಲ್ಲಿ ಇಲ್ಲದ ಮಾತು.

ಕೈಯಲ್ಲಿ ಇರುವುದು ಏನು? ಇಲ್ಲೂ ಪಟ್ಟಿಯೇ. ಶಾಲೆ, ಸಹಕಾರಿ ಬ್ಯಾಂಕು, ಸರಕಾರಿ ಆಸ್ಪತ್ರೆಯವರ ಸಂಬಳದಿಂದ ತನ್ನಿಂದ ತಾನೇ ಕಡಿತ ಆಗುತ್ತದೆ. ಪೇಟೆಯ ದೊಡ್ಡ ಅಂಗಡಿ, ಕ್ಲಿನಿಕ್, ಬಟ್ಟೆ ಮಳಿಗೆಯ ಹೆಸರು ಪಟ್ಟಿಯಲ್ಲಿ ಹುಡುಕಿ ನೋಡಿ. ಕುಂಬಳೆ, ಉಪ್ಪಳದಂಥ ಪೇಟೆ ಇರುವ ಪಂಚಾಯತಿಗೆ ಇದರಲ್ಲಿ ಜೀವ ಇದೆ. ಬೆಳ್ಳೂರು, ದೇಲಂಪಾಡಿಯಂಥ ತೋಟ ಕಾಡಿನ ಕಡೆ ಎಷ್ಟು ಹುಡುಕಿದರೂ ಎರಡು ಶಾಲೆ, ಒಂದು ಸೊಸೈಟಿ. ಅಲ್ಲಿ ಇದರ ಹಿಂದೆ ಓಡಿ ಪ್ರಯೋಜನ ಇಲ್ಲ.

ಮನರಂಜನಾ ತೆರಿಗೆಯೂ ಇದೆ. ಜಿಎಸ್‌ಟಿ ಬಂದಾಗ ಸ್ಥಳೀಯ ಸಂಸ್ಥೆ ಹಾಕುವುದನ್ನು ಮಾತ್ರ ಉಳಿಸಿದರು. ನಮ್ಮ ಪಂಚಾಯತಿನಲ್ಲಿ ಟಾಕೀಸೇ ಇಲ್ಲ, ಮುಂದೆ ಹೋಗೋಣ.

ತಿಂಗಳ 50 ರೂಪಾಯಿ

ಶುಲ್ಕದ ಕತೆ ಬೇರೆ. ಹರಿತ ಕರ್ಮ ಸೇನೆ, ನಮ್ಮ ಕನ್ನಡ ಪೇಪರಿನಲ್ಲಿ ಹಸಿರು ಕ್ರಿಯಾಸೇನೆ, ಮನೆಗೆ ಬಂದು ಪ್ಲಾಸ್ಟಿಕ್ ಒಯ್ಯುತ್ತದೆ. ಹಳ್ಳಿಯ ಮನೆಗೆ ತಿಂಗಳಿಗೆ 50 ರೂಪಾಯಿ. ಇದರಷ್ಟು ನೇರ ಹಣ ಇನ್ನೊಂದಿಲ್ಲ. ಚೀಲ ಹೋಯಿತು, ದುಡ್ಡು ಕೊಟ್ಟೆ. ಕೆಲಸ ಸರಿ ಆಗದಿದ್ದರೆ ಮುಂದಿನ ತಿಂಗಳು ಗೇಟಿನಲ್ಲೇ ಕೇಳಬಹುದು.

ಆದರೂ ಜಗಳ ತಪ್ಪಿದ್ದಿಲ್ಲ. "ನಮ್ಮಲ್ಲಿ ಪ್ಲಾಸ್ಟಿಕ್ಕೇ ಇಲ್ಲಮ್ಮ" ಅಂತ ಹೇಳುವ ಮನೆಯ ಬಚ್ಚಲ ಒಲೆಯಿಂದ ಏಳುವ ಹೊಗೆಗೆ ಬಣ್ಣವೇ ಬೇರೆ. ಬಿಸಿಲಲ್ಲಿ ಗುಡ್ಡ ಹತ್ತಿ ಬಂದ ಹೆಂಗಸರು ಹಾಗೇ ಹಿಂದೆ ಹೋಗಬೇಕು. ಈ 50 ರೂಪಾಯಿ ಪಂಚಾಯತಿನ ಖಜಾನೆ ತುಂಬಿಸುವುದೂ ಇಲ್ಲ. ಅದು ಆ ಹೆಂಗಸರ ದುಡಿಮೆಗೆ ಸಿಗುವ ಕೂಲಿ. ಓನ್ ಫಂಡಿನ ಲೆಕ್ಕಕ್ಕೆ ಇದನ್ನು ಸೇರಿಸಿ ಬೀಗಬೇಡಿ.

ಶುಲ್ಕದ ದೊಡ್ಡ ಕೊರತೆ ಎಂದರೆ ಬಂಗಲೆಗೂ 50, ಗುಡಿಸಲಿಗೂ 50. ಯಾರಿಗೆ ಏನು ಸಿಕ್ಕಿತು ಅಂತ ಬಿಡಿಸಿ ಹೇಳಬಹುದಾದ ಕೆಲಸಕ್ಕೆ ಶುಲ್ಕ ಸರಿ. ಬೀದಿ ದೀಪಕ್ಕೆ ಶುಲ್ಕ ಎತ್ತಲು ಆಗುತ್ತದಾ? ಕಂಬದ ಕೆಳಗೆ ನಿಂತವರ ಹತ್ತಿರ ಕೇಳುವುದಾ? ಅಂಥದ್ದಕ್ಕೆ ತೆರಿಗೆಯೇ ಬೇಕು.

ಅಂಗಡಿ ಕೋಣೆ

ಎಲ್ಲ ಹೊಸ ಆಡಳಿತಕ್ಕೂ ಬರುವ ಆಸೆ: ಒಂದು ಶಾಪಿಂಗ್ ಕಾಂಪ್ಲೆಕ್ಸ್ ಕಟ್ಟೋಣ, ಬಾಡಿಗೆ ಬರುತ್ತದೆ. ಬಸ್ಸು ನಿಲ್ಲುವ ಜಾಗದಲ್ಲಿ ಆದರೆ ಸರಿ. ಜಾಗ ಪುಕ್ಕಟೆ ಸಿಕ್ಕಿತು ಅಂತ ಜನವೇ ಇಲ್ಲದ ತಿರುವಿನಲ್ಲಿ ಕಟ್ಟಿದರೆ ಶಟರಿಗೆ ತುಕ್ಕು, ಒಳಗೆ ಬಾವಲಿ. ಕಟ್ಟಿದ ಮೇಲೆ ಬಾಡಿಗೆ ಏರಿಸುವುದು ತೆರಿಗೆ ಏರಿಸುವುದಕ್ಕಿಂತ ಕಷ್ಟ, ಕೋಣೆ ಹಿಡಿದವರು ಎಲ್ಲ ಪಕ್ಷದಲ್ಲೂ ಇರುತ್ತಾರೆ. ನನ್ನ ಮಟ್ಟಿಗೆ ಇದು ಕೊನೆಯ ಆಯ್ಕೆ.

ಹಾಗಾದರೆ ಯಾವುದು ಮೊದಲು?

ಕೇಳಿದರೆ ನಾನು ಹೇಳುವುದು ಹೀಗೆ. ಮೊದಲ ವರ್ಷ ಯಾವ ದರವನ್ನೂ ಮುಟ್ಟಬೇಡಿ. ಕಟ್ಟಡದ ಪಟ್ಟಿ ಸರಿ ಮಾಡಿ. ಹೆಂಗಸರ ಸ್ವಸಹಾಯ ಗುಂಪು ಕುಟುಂಬಶ್ರೀಯವರಿಗೆ ವಾರ್ಡಿನ ಪ್ರತಿ ಮನೆಯೂ ಗೊತ್ತು, ಅಳತೆಗೆ ಕಾಲೇಜು ಮಕ್ಕಳು ಸಿಗುತ್ತಾರೆ. ಇಲ್ಲದ ಮನೆ ತೆಗೆಯಿರಿ, ಬಿಟ್ಟುಹೋದದ್ದು ಸೇರಿಸಿ, 60 ಚದರ ಮೀಟರಿನ ವಿನಾಯಿತಿ ಸಿಗಬೇಕಾದವರಿಗೆ ಕೇಳದೇ ಕೊಡಿ. ಹಾಗೆ ಕೊಟ್ಟಾಗಲೇ ಉಳಿದವರು ನಂಬುತ್ತಾರೆ. ಪೇಟೆ ಇರುವ ಪಂಚಾಯತಾದರೆ ಅದೇ ಸುತ್ತಿನಲ್ಲಿ ವೃತ್ತಿ ತೆರಿಗೆಯ ಪಟ್ಟಿಯನ್ನೂ ಹಿಡಿಯಿರಿ. ಎರಡನೇ ವರ್ಷ ವಸೂಲಿ. ಅದಾದ ಮೇಲೂ ಸಾಲದಿದ್ದರೆ ದರದ ಮಾತು.

ಗುಡ್ಡದ ಕಡೆಯ ಪಂಚಾಯತಿಗೆ ಸ್ವಂತ ತೆರಿಗೆಯೊಂದರಿಂದಲೇ ಹೊಟ್ಟೆ ತುಂಬುವುದಿಲ್ಲ. ಮನೆ ಕಡಿಮೆ, ರಸ್ತೆ ಉದ್ದ. ಅಂಥವರು ಅನುದಾನಕ್ಕೆ ನಾಚಬೇಕಾಗಿಲ್ಲ. ಅವರು ಹೋರಾಡಬೇಕಾದದ್ದು ಮೊತ್ತಕ್ಕಿಂತ ಹಗ್ಗದ ಬಗ್ಗೆ: ಕಟ್ಟ, ಸುರಂಗ, ಮದಕಕ್ಕೂ ಹಾಕಬಹುದಾದ ಹಣ ಕೊಡಿ ಅಂತ. ಸ್ವಂತ ತೆರಿಗೆ ಅಲ್ಲಿ ಕಡಿಮೆ ಬಂದರೂ ಬೆಲೆ ಜಾಸ್ತಿ, ಯಾಕೆಂದರೆ ತಲೆಬರಹ ಹುಡುಕದೆ ಖರ್ಚು ಮಾಡಬಹುದಾದ ಹಣ ಅವರಲ್ಲಿ ಮುಖ್ಯವಾಗಿ ಅದೇ.

ಗ್ರಾಮಸಭೆಗೆ ಹೋಗುವವರು ಒಂದು ಕೆಲಸ ಮಾಡಬಹುದು. ಪಂಚಾಯತಿನಲ್ಲಿ ಡಿಸಿಬಿ ಅಂತ ಒಂದು ಲೆಕ್ಕ ಇರುತ್ತದೆ. ಬರಬೇಕಾದದ್ದು ಎಷ್ಟು, ಬಂದದ್ದು ಎಷ್ಟು, ಬಾಕಿ ಎಷ್ಟು. ನಿಮ್ಮ ವಾರ್ಡಿನದ್ದು ಓದಿ ಹೇಳಿ ಅಂತ ಕೇಳಿ. ಹೆಸರು ಬೇಡ, ಮೊತ್ತ ಸಾಕು. ನಾನು ಹೋದ ವರ್ಷ ಕೇಳಿದ್ದೆ. ಸಭೆಯಲ್ಲಿ ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಸಾಲಿನಿಂದ ಒಬ್ಬರು ಎದ್ದು, "ಬಂದದ್ದರಲ್ಲಿ ನಮ್ಮ ದಾರಿಯ ದೀಪಕ್ಕೆ ಎಷ್ಟು ಹೋಯ್ತು?" ಅಂದರು. ಸೆಕ್ರೆಟರಿ ಪುಸ್ತಕ ತರಲು ಒಳಗೆ ಹೋದರು.

ನಿನ್ನೆ ರಾತ್ರಿ ಭಾವನ ಫೋನು. ರಶೀದಿ ಇಲ್ಲೇ ಉಳಿದದ್ದು ಈಗ ನೆನಪಾಯಿತಂತೆ. ಅಷ್ಟೇ ಅಲ್ಲ, ಪಂಚಾಯತಿಗೆ ಹೋಗಿ ಕೇಳಿಯೂ ಬಂದಿದ್ದಾರೆ. ಭಿಕ್ಷುಕರ ಕರ ಅಲ್ಲಿ ನಿಲ್ಲುವುದಿಲ್ಲ, ಮೇಲಕ್ಕೆ ಹೋಗುತ್ತದೆ. "ಹಾಗಾದ್ರೆ ನಮ್ಮಲ್ಲಿ ಉಳಿಯೋದು ಎಷ್ಟು ಅಂತ ಮುಂದಿನ ಗ್ರಾಮಸಭೆಯಲ್ಲಿ ಕೇಳ್ತೇನೆ. ಆ ರಶೀದಿ ಜಾಗ್ರತೆ ಇಡು, ಬೇಕಾಗ್ತದೆ" ಅಂದರು.